ಪಿಸ್ತೂಲು ಹಿಡಿದ ಆ ಹೆಂಗಸು ಯಾರು? ಒಂದು ಸ್ಪ್ಯಾನಿಷ್ ರ‍್ಯಾಪ್ ವಿಡಿಯೊದ ಭಯದ ಹಿಂದೆ

ವಿಡಿಯೊ ಶುರುವಾಗುವುದು ಒಬ್ಬ ಹೆಂಗಸಿನಿಂದ. ಹಳೇ ಕಾಲದ ಉಡುಪು. ಕೈಯಲ್ಲಿ ಪಿಸ್ತೂಲು. ಅವಳು ಗುಂಡು ಹಾರಿಸುತ್ತಾಳೆ. ಯಾರ ಮೇಲೆ, ಯಾಕೆ ಅಂತ ಯಾರೂ ಹೇಳುವುದಿಲ್ಲ. ಆಮೇಲೆ ಒಂದರ ಬೆನ್ನಿಗೆ ಒಂದು ದೃಶ್ಯ ಬರುತ್ತಾ ಹೋಗುತ್ತದೆ. ಪೊಲೀಸರ ಕೈಗೆ ಸಿಕ್ಕ ಜನ. ಹಿಂಸೆ ಕೊಟ್ಟು ಕೊಂದ ಒಬ್ಬ ಹಾಡುಗಾರ. ಮಾಂಸ ತಿಂದು ದೇಶದ ಬಾವುಟದಲ್ಲೇ ಬಾಯಿ ಒರೆಸಿಕೊಳ್ಳುವ ಸೂಟುಧಾರಿ. ಕೆಳಗೆ ನಿಲ್ಲದೆ ಬಡಿಯುವ ತಾಳವಾದ್ಯ, ಅದರ ಮೇಲೆ ಉಸಿರು ಬಿಡದೆ ಸ್ಪ್ಯಾನಿಷ್‌ನಲ್ಲಿ ರ‍್ಯಾಪ್.

ಹಾಡಿನ ಹೆಸರು ಮಾತ್ರ ಇಂಗ್ಲಿಷಿನಲ್ಲಿದೆ: 'ದಿಸ್ ಈಸ್ ನಾಟ್ ಅಮೆರಿಕ'. ಹಾಡಿದವರು ಪೋರ್ಟೊರಿಕೊದ ರ‍್ಯಾಪರ್ ರೆಸಿಡೆಂತೆ. ಅವರ ಜೊತೆ ದನಿ ಸೇರಿಸಿದವರು ಇಬೆಯಿ ಎಂಬ ಹೆಸರಿನಲ್ಲಿ ಹಾಡುವ ಅವಳಿ ಸೋದರಿಯರು. 2022ರ ಮಾರ್ಚ್‌ನಲ್ಲಿ ಬಂದ ಸಿಂಗಲ್ ಇದು. ವಿಡಿಯೊ ನಿರ್ದೇಶಿಸಿದವರು ಗ್ರೆಗ್ ಓರೆಲ್.

ನಮಗೆ ಗೊತ್ತಿರುವ ಹಾರರ್ ಸಿನಿಮಾಗಳಲ್ಲಿ ದೆವ್ವಕ್ಕೆ ಒಂದು ಫ್ಲ್ಯಾಶ್‌ಬ್ಯಾಕ್ ಇರುತ್ತದೆ, ಅಲ್ವಾ? ಮೊದಲ ಅರ್ಧದಲ್ಲಿ ಸುಮ್ನೆ ಹೆದರಿಸುತ್ತಾರೆ. ಬಾಗಿಲು ಬಡಿದುಕೊಳ್ಳುತ್ತದೆ, ಬಾವಿಯಿಂದ ಅಳು ಕೇಳುತ್ತದೆ. ಇಂಟರ್ವಲ್ ಆದ ಮೇಲೆ ಆ ಹೆಂಗಸನ್ನು ಯಾರು ಕೊಂದರು, ಎಲ್ಲಿ ಹೂತರು ಎಂದು ಗೊತ್ತಾಗುತ್ತದೆ. ಆಗ ಹೆದರಿಕೆ ಹೋಗಿ ಸಂಕಟ ಶುರುವಾಗುತ್ತದೆ. ರೆಸಿಡೆಂತೆಯ ವಿಡಿಯೊ ಮೊದಲ ಅರ್ಧಕ್ಕೇ ಮುಗಿದುಬಿಡುತ್ತದೆ. ಫ್ಲ್ಯಾಶ್‌ಬ್ಯಾಕ್ ಕೊಡುವುದೇ ಇಲ್ಲ. ಅದು ಇರುವುದು ಕೋರ್ಟಿನ ಕಡತಗಳಲ್ಲಿ, ಹಳೇ ಪತ್ರಿಕೆಗಳಲ್ಲಿ, ತಾಯಂದಿರ ಹೇಳಿಕೆಗಳಲ್ಲಿ. ಅದನ್ನು ಹುಡುಕಿಕೊಂಡು ಹೋಗದಿದ್ದರೆ ಈ ಹಾಡು ಬರೀ ರಕ್ತದ ಚಿತ್ರವಾಗಿ ಉಳಿಯುತ್ತದೆ. ಮೊದಲ ಸಲ ನೋಡಿದಾಗ ನನಗೂ ಹಾಗೇ ಉಳಿದಿತ್ತು.

ಹಾಗಾಗಿ ಒಂದೊಂದೇ ದೃಶ್ಯದ ಹಿಂದೆ ಹೋಗೋಣ. ಅದಕ್ಕೂ ಮೊದಲು ಹೆಸರಿನ ಜಗಳ.

2018ರ ಮೇ ತಿಂಗಳಲ್ಲಿ ಅಮೆರಿಕದ ರ‍್ಯಾಪರ್ ಚೈಲ್ಡಿಶ್ ಗ್ಯಾಂಬಿನೊ 'ದಿಸ್ ಈಸ್ ಅಮೆರಿಕ' ಎಂಬ ಹಾಡು ಬಿಟ್ಟರು. ಹಿರೊ ಮುರಾಯಿ ನಿರ್ದೇಶಿಸಿದ ಅದರ ವಿಡಿಯೊ ಜಗತ್ತೆಲ್ಲ ಸುತ್ತಿತು. ಕುಣಿತದ ನಡುವೆ ಥಟ್ಟನೆ ಗುಂಡು, ಮತ್ತೆ ಕುಣಿತ. ಅಮೆರಿಕದ ಕರಿಯರ ಬದುಕಿನ ಬಗ್ಗೆ ಅಷ್ಟು ಗಟ್ಟಿಯಾಗಿ ಮಾತಾಡಿದ ವಿಡಿಯೊ ಕಡಿಮೆ. ಅದಕ್ಕೆ ನಾಲ್ಕು ಗ್ರ್ಯಾಮಿ ಬಂತು. ರೆಸಿಡೆಂತೆಗೆ ಅದರ ಮೇಲೆ ಸಿಟ್ಟಿಲ್ಲ. ತಮ್ಮ ಹಾಡಿನ ಕೊನೆಯ ಸಾಲಿನಲ್ಲಿ ಅವರು ಗ್ಯಾಂಬಿನೊನನ್ನು 'ತಮ್ಮಾ' ಎನ್ನುವ ಹಾಗೆ ಕರೆದು, ಇದು ಕೂಡ ಅಮೆರಿಕವೇ ಕಣಪ್ಪ ಅನ್ನುತ್ತಾರೆ. ತಕರಾರು ಇರುವುದು ಆ ಹೆಸರಿನ ಬಗ್ಗೆ. 'ಅಮೆರಿಕ' ಒಂದು ದೇಶದ ಹೆಸರಾದದ್ದು ಹೇಗೆ?

ಸ್ಪ್ಯಾನಿಷ್ ಮಾತಾಡುವ ದೇಶಗಳ ಶಾಲೆಗಳಲ್ಲಿ ಅಮೆರಿಕ ಎಂದರೆ ಒಂದು ಖಂಡ. ಮೇಲೆ ಕೆನಡಾದಿಂದ ಕೆಳಗೆ ಚಿಲಿ, ಅರ್ಜೆಂಟೀನಾದ ತುದಿಯವರೆಗೆ ಎಲ್ಲವೂ ಅದೇ. ವಾಷಿಂಗ್ಟನ್ನಿನವರನ್ನು ಕರೆಯಲು ಆ ಭಾಷೆಯಲ್ಲಿ ಬೇರೆ ಪದವೇ ಇದೆ, 'ಎಸ್ತಾದೌನಿದೆನ್ಸೆ'. ಸಂಯುಕ್ತ ಸಂಸ್ಥಾನದವರು ಎಂದು ಅರ್ಥ. ಇನ್ನೊಂದು ಸಂಗತಿ ನನಗೆ ತುಂಬಾ ಹಿಡಿಸಿತು. ಈ ಹೆಸರು ಮೊದಲು ಬರೆದ ನಕ್ಷೆ 1507ರದ್ದು, ವಾಲ್ಡ್‌ಸೇಮ್ಯುಲರ್ ಎಂಬ ಜರ್ಮನ್ ನಕ್ಷೆಕಾರನದ್ದು. ಅದರಲ್ಲಿ 'ಅಮೆರಿಕ' ಎಂದು ಬರೆದಿರುವುದು ದಕ್ಷಿಣದ ಭೂಭಾಗದ ಮೇಲೆ. ಇವತ್ತಿನ ಬ್ರೆಜಿಲ್ ಇರುವ ಕಡೆ! ಉತ್ತರಕ್ಕೆ ಆ ಹೆಸರು ಹತ್ತಿದ್ದು ಆಮೇಲೆ. ಆ ನಕ್ಷೆಯನ್ನು 2003ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1 ಕೋಟಿ ಡಾಲರ್ ಕೊಟ್ಟು ಕೊಂಡುಕೊಂಡಿತು.

ನಾವೂ ಹೀಗೇ ಮಾತಾಡುತ್ತೇವೆ. ಮಗಳು ಅಮೆರಿಕದಲ್ಲಿದ್ದಾಳೆ ಎಂದರೆ ಯಾರೂ ಪೆರುವಿನಲ್ಲಾ ಎಂದು ಕೇಳುವುದಿಲ್ಲ. ಅಲ್ಲಿನ ಕನ್ನಡ ಕೂಟಗಳ ಒಕ್ಕೂಟ 'ಅಕ್ಕ'ದ ಹೆಸರಿನ ಮೊದಲ ಅಕ್ಷರವೂ ಆ 'ಅಮೆರಿಕ'ದ್ದೇ. ಇದರಲ್ಲಿ ತಪ್ಪು ಹುಡುಕುವುದು ಬೇಡ, ಮಾತು ಬೆಳೆಯುವುದೇ ಹೀಗೆ. ಆದರೆ ಆ ಹೆಸರಿನಿಂದ ಹೊರಗೆ ಉಳಿದವರಿಗೆ ಏನನಿಸುತ್ತದೆ ಎಂದು ಕೇಳಿಸಿಕೊಳ್ಳಲು ಈ ಹಾಡು ಒಳ್ಳೆಯ ದಾರಿ. ಜಗಳ ಹಳೆಯದಾಗಿಯೂ ಇಲ್ಲ. 2025ರ ಜನವರಿಯಲ್ಲಿ ಟ್ರಂಪ್ ಅಧಿಕಾರಕ್ಕೆ ಬಂದ ದಿನವೇ ಮೆಕ್ಸಿಕೊ ಕೊಲ್ಲಿಯನ್ನು 'ಅಮೆರಿಕ ಕೊಲ್ಲಿ' ಎಂದು ಕರೆಯಲು ಆದೇಶ ಹೊರಡಿಸಿದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ, ಅಮೆರಿಕನ್ ಫುಟ್‌ಬಾಲಿನ ಫೈನಲ್ ಆದ ಸೂಪರ್ ಬೌಲ್ ಪಂದ್ಯದ ನಡುವೆ ಹಾಡುವವರು ಬ್ಯಾಡ್ ಬನ್ನಿ ಎಂದು ಘೋಷಣೆಯಾಯಿತು. ಸ್ಪ್ಯಾನಿಷ್‌ನಲ್ಲಿ ಹಾಡುವವನನ್ನು ಯಾಕೆ ಕರೆಸುತ್ತೀರಿ, ಅಮೆರಿಕನ್ ಯಾರೂ ಸಿಗಲಿಲ್ಲವಾ ಎಂದು ಕೆಲವರು ಗಲಾಟೆ ಎಬ್ಬಿಸಿದರು. ಬ್ಯಾಡ್ ಬನ್ನಿ ಪೋರ್ಟೊರಿಕೊದವರು. ಪೋರ್ಟೊರಿಕೊದವರು 1917ರಿಂದ ಅಮೆರಿಕದ ಪ್ರಜೆಗಳು.

ಈ ಪೋರ್ಟೊರಿಕೊದ ಪಾಡು ಅರ್ಥವಾಗದೆ ಪಿಸ್ತೂಲು ಹಿಡಿದ ಹೆಂಗಸು ಅರ್ಥವಾಗುವುದಿಲ್ಲ.

ಕೆರಿಬಿಯನ್ ಸಮುದ್ರದ ಈ ದ್ವೀಪ ನಾನೂರು ವರ್ಷ ಸ್ಪೇನಿನ ಕೈಯಲ್ಲಿತ್ತು. 1898ರ ಯುದ್ಧದಲ್ಲಿ ಅಮೆರಿಕ ಅದನ್ನು ಕಿತ್ತುಕೊಂಡಿತು. ಹಾಗಾದರೆ ಅದು ಅಮೆರಿಕದ ಭಾಗವಾ, ಅಲ್ವಾ? 1901ರಲ್ಲಿ ಅಲ್ಲಿಂದ ನ್ಯೂಯಾರ್ಕಿಗೆ ಬಂದ ಕಿತ್ತಳೆ ಹಣ್ಣಿಗೆ ಸುಂಕ ಹಾಕಬಹುದೇ ಎಂಬ ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. ದ್ವೀಪ ಅಮೆರಿಕಕ್ಕೆ ಸೇರಿದ್ದು, ಆದರೆ ಅಮೆರಿಕದ ಭಾಗ ಅಲ್ಲ ಎಂದಿತು ಕೋರ್ಟು. ಒಬ್ಬ ನ್ಯಾಯಮೂರ್ತಿ ಬಳಸಿದ ಮಾತಿನ ಸಾರ ಇದು: ಮನೆಯೊಳಗಿನ ಅರ್ಥದಲ್ಲಿ ಅದು ಪರದೇಶ. ಕಿತ್ತಳೆ ಹಣ್ಣಿಗೆ ಹೇಳಿದ ಮಾತು ಜನರಿಗೂ ಅಂಟಿಕೊಂಡಿತು. ದ್ವೀಪದಲ್ಲಿ ವಾಸ ಇರುವವರು ಇವತ್ತಿಗೂ ಅಧ್ಯಕ್ಷರ ಚುನಾವಣೆಯಲ್ಲಿ ವೋಟು ಹಾಕುವಂತಿಲ್ಲ.

1948ರಲ್ಲಿ ಅಲ್ಲಿ ಒಂದು ಕಾನೂನು ಬಂತು. ಜನ ಅದನ್ನು ಬಾಯಿಕಟ್ಟಿನ ಕಾನೂನು ಎಂದರು. ಸ್ವಾತಂತ್ರ್ಯದ ಮಾತಾಡಿದರೆ ಜೈಲು. ಪೋರ್ಟೊರಿಕೊದ ಬಾವುಟ ಹಾರಿಸಿದರೂ ಜೈಲು, ಮನೆಯಲ್ಲಿ ಇಟ್ಟುಕೊಂಡರೂ ಜೈಲು. ಆ ಕಾನೂನು 1957ರವರೆಗೆ ಇತ್ತು.

ವಿಡಿಯೊದ ಆ ಹೆಂಗಸು ಲೊಲಿತಾ ಲೆಬ್ರೋನ್, ಅದೇ ಕಾಲದವರು. ನ್ಯೂಯಾರ್ಕಿನಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದ ಹೆಂಗಸು. 1954ರ ಮಾರ್ಚ್ 1ರಂದು ಮೂವರು ಗಂಡಸರ ಜೊತೆ ರೈಲಿನಲ್ಲಿ ವಾಷಿಂಗ್ಟನ್ನಿಗೆ ಬಂದರು. ಸಂಸತ್ತಿನ ಕೆಳಮನೆಯಲ್ಲಿ ಕಲಾಪ ನಡೆಯುತ್ತಿತ್ತು. ಪ್ರೇಕ್ಷಕರ ಗ್ಯಾಲರಿಯಲ್ಲಿ ಎದ್ದು ನಿಂತರು. ಸ್ವತಂತ್ರ ಪೋರ್ಟೊರಿಕೊಗೆ ಜೈಕಾರ ಕೂಗಿದರು. ಬಾವುಟ ಬಿಚ್ಚಿದರು. ಗುಂಡು ಹಾರಿಸಿದರು. ಸುಮಾರು 30 ಗುಂಡು. ಐವರು ಸಂಸದರಿಗೆ ಗಾಯವಾಯಿತು, ಯಾರೂ ಸಾಯಲಿಲ್ಲ. ನಾನು ಕೊಲ್ಲಲು ಬಂದಿರಲಿಲ್ಲ, ಪೋರ್ಟೊರಿಕೊಗಾಗಿ ಸಾಯಲು ಬಂದಿದ್ದೆ ಎಂದು ಲೆಬ್ರೋನ್ ಹೇಳಿದರು. 25 ವರ್ಷ ಜೈಲಿನಲ್ಲಿದ್ದರು. 1979ರಲ್ಲಿ ಅಧ್ಯಕ್ಷ ಕಾರ್ಟರ್ ಬಿಡುಗಡೆ ಮಾಡಿದರು. 2010ರಲ್ಲಿ ತೀರಿಕೊಂಡರು.

ಇಲ್ಲಿ ನನ್ನ ಒಂದು ತಕರಾರನ್ನು ಹೇಳಲೇಬೇಕು. ವಿಡಿಯೊ ಲೆಬ್ರೋನ್‌ರನ್ನು ತೋರಿಸುತ್ತದೆ, ಆದರೆ ಗುಂಡು ತಗುಲಿ ನೆಲಕ್ಕೆ ಬಿದ್ದ ಐವರ ರಕ್ತ ಅಲ್ಲಿ ಲೆಕ್ಕಕ್ಕಿಲ್ಲ. ಮುಂದೆ ಬರುವ ದೃಶ್ಯಗಳಲ್ಲಿ ಕೊಲ್ಲಿಸಿಕೊಂಡವರೇ ಜಾಸ್ತಿ. ಅವರೆಲ್ಲರ ಸಾಲಿನ ಮೊದಲಿಗೆ ಗುಂಡು ಹಾರಿಸಿದವರನ್ನು ನಿಲ್ಲಿಸಿದ್ದು ಬೇಕೆಂದೇ ಮಾಡಿದ ಆಯ್ಕೆ. ಬಾವುಟ ಮನೆಯಲ್ಲಿಟ್ಟರೂ ಜೈಲು ಎನ್ನುವ ಕಾಲದ ಉಸಿರುಕಟ್ಟುವಿಕೆ ನನಗೆ ಅರ್ಥವಾಗುತ್ತದೆ. ಅದಕ್ಕಾಗಿ ಸಂಸತ್ತಿನ ಮೇಲೆ ಗುಂಡು ಹಾರಿಸಿದ್ದನ್ನು ನಾನು ಒಪ್ಪಲಾರೆ.

ರೆಸಿಡೆಂತೆಗೆ ಈ ಕಥೆ ಮನೆಯ ಕಥೆ. ನಿಜವಾದ ಹೆಸರು ರೆನೆ ಪೆರೆಸ್ ಹೋಗ್ಲಾರ್, ಹುಟ್ಟಿದ್ದು 1978ರಲ್ಲಿ. ಬೆಳೆದದ್ದು ತ್ರುಹೀಯೊ ಆಲ್ತೊ ಎಂಬ ಊರಿನ ಗೇಟು ಹಾಕಿದ ಬಡಾವಣೆಯಲ್ಲಿ. ಇಬ್ಬರು ಮಲಸೋದರರಲ್ಲಿ ಇವರು ಅಲ್ಲೇ ವಾಸ ಇದ್ದವರು, ಎದುವಾರ್ದೊ ಕಾಬ್ರಾ ಬಂದುಹೋಗುತ್ತಿದ್ದವರು. ಗೇಟಿನ ಕಾವಲುಗಾರ ಪ್ರತಿ ಸಲ ಕೇಳುತ್ತಿದ್ದನಂತೆ, ಇಲ್ಲಿನವರಾ, ಬಂದುಹೋಗುವವರಾ? ಅದೇ ಇಬ್ಬರ ಹೆಸರಾಯಿತು. ಒಬ್ಬರು ರೆಸಿಡೆಂತೆ, ಇನ್ನೊಬ್ಬರು ವಿಸಿತಾಂತೆ. ಬೀದಿಯ ಹೆಸರೇ ತಂಡದ ಹೆಸರು, ಕಾಯೆ 13. ನೀನು ಇಲ್ಲಿನವನಾ ಎಂಬ ಪ್ರಶ್ನೆಯನ್ನೇ ಹೆಸರಾಗಿ ಇಟ್ಟುಕೊಂಡ ಮನುಷ್ಯ ಆಮೇಲೆ ಇಂಥ ಹಾಡು ಬರೆದದ್ದು ಸಹಜ ಅನಿಸುತ್ತದೆ.

2005ರ ಸೆಪ್ಟೆಂಬರ್ 23ರಂದು ಸ್ವಾತಂತ್ರ್ಯ ಹೋರಾಟದ ಹಿರಿಯ ನಾಯಕ ಫಿಲಿಬೆರ್ತೊ ಒಹೇದಾ ರೀಯೊಸ್ ಎಫ್‌ಬಿಐ ಗುಂಡಿಗೆ ಸಿಕ್ಕಿದರು. ಅಧಿಕಾರಿಗಳು ಮನೆಯೊಳಗೆ ಹೋದದ್ದು ಮರುದಿನ. ಅಷ್ಟರಲ್ಲಿ ರಕ್ತ ಹರಿದು ಅವರು ಸತ್ತಿದ್ದರು. ಅದರ ಬೆನ್ನಲ್ಲೇ ಕಾಯೆ 13 ಎಫ್‌ಬಿಐಯನ್ನೇ ಉದ್ದೇಶಿಸಿ ಒಂದು ಹಾಡು ಮಾಡಿ ಇಂಟರ್ನೆಟ್ಟಿನಲ್ಲಿ ಬಿಟ್ಟಿತು. ಒಹೇದಾ ನಡೆಸುತ್ತಿದ್ದ ಸಂಘಟನೆಯ ಹೆಸರು ಮಚೆತೆರೋಸ್, ಅಂದರೆ ಮಚ್ಚು ಹಿಡಿದವರು. 17 ವರ್ಷದ ನಂತರದ ಈ ಹಾಡಿನಲ್ಲೂ ಒಂದು ಮಚ್ಚು ಇದೆ. ನಾವು ಇಲ್ಲೇ ಇದ್ದೇವೆ, ಹೋಗಿಲ್ಲ, ಹೋಗುವುದೂ ಇಲ್ಲ, ಬೇಕಾದರೆ ನನ್ನ ಮಚ್ಚು ಕಚ್ಚುತ್ತದೆ ಎಂಬ ಅರ್ಥದ ಪಲ್ಲವಿಯಲ್ಲಿ ಅದು ಬರುತ್ತದೆ.

ಇನ್ನು ತುಪಾಕ್. ಅಮೆರಿಕದ ರ‍್ಯಾಪ್ ಕೇಳುವ ಯಾರಿಗಾದರೂ ಈ ಹೆಸರು ಗೊತ್ತು. ಆ ರ‍್ಯಾಪರ್‌ಗೆ ಆ ಹೆಸರು ಬಂದದ್ದು ಪೆರುವಿನ ತುಪಾಕ್ ಅಮಾರುವಿನಿಂದ ಎಂದು ಹಾಡು ನೆನಪಿಸುತ್ತದೆ. ಒಂದೇ ಸಾಲು. ಆದರೆ ಆ ಸಾಲಿನ ಹಿಂದಿನದು ಇಡೀ ಹಾಡಿನಲ್ಲೇ ಅತಿ ಭೀಕರ ಕಥೆ.

ಎರಡನೇ ತುಪಾಕ್ ಅಮಾರು 1780ರ ನವೆಂಬರ್‌ನಲ್ಲಿ ಸ್ಪೇನಿನ ಆಳ್ವಿಕೆಯ ವಿರುದ್ಧ ದಂಗೆ ಎದ್ದವನು. ಬಿಟ್ಟಿ ದುಡಿಮೆ, ಮೇಲಿಂದ ಮೇಲೆ ಹೇರಿದ ತೆರಿಗೆ, ಅಧಿಕಾರಿಗಳು ಬಲವಂತವಾಗಿ ಮಾರುತ್ತಿದ್ದ ಸರಕು, ಇವೆಲ್ಲ ಸೇರಿ ಜನ ಅವನ ಹಿಂದೆ ಬಂದಿದ್ದರು. 1781ರ ಮೇ 18ರಂದು ಕುಸ್ಕೊ ಊರಿನ ದೊಡ್ಡ ಚೌಕದಲ್ಲಿ ಅವನಿಗೆ ಶಿಕ್ಷೆಯಾಯಿತು. ದಂಗೆಗೆ ಸಮಸಮ ಹೆಗಲು ಕೊಟ್ಟಿದ್ದ ಹೆಂಡತಿ ಮಿಕಾಯೆಲಾ ಬಸ್ತೀದಾಸ್‌ಳನ್ನೂ ದೊಡ್ಡ ಮಗನನ್ನೂ ಅವನ ಕಣ್ಣೆದುರೇ ಕೊಂದರು. ಆಮೇಲೆ ಅವನ ನಾಲಿಗೆ ಕತ್ತರಿಸಿದರು. ಕೈಕಾಲುಗಳನ್ನು ನಾಲ್ಕು ಕುದುರೆಗಳಿಗೆ ಕಟ್ಟಿ ನಾಲ್ಕು ದಿಕ್ಕಿಗೆ ಎಳೆಸಿದರು. ದೇಹ ಹರಿಯಲಿಲ್ಲ. ಕೊನೆಗೆ ತಲೆ ಕಡಿದರು. ಕೈಕಾಲು, ತಲೆಯನ್ನು ದಂಗೆ ಎದ್ದ ಬೇರೆ ಬೇರೆ ಊರುಗಳಿಗೆ ಕಳಿಸಿ ಜನರ ಕಣ್ಣಿಗೆ ಬೀಳುವಂತೆ ಇಟ್ಟರು. ಇದು ಹಾರರ್ ಕಥೆಗಾರ ಕಟ್ಟಿದ್ದಲ್ಲ. ಸರ್ಕಾರ ಬರೆದ ತೀರ್ಪು, ಅದರ ಪ್ರಕಾರ ನಡೆದ ಶಿಕ್ಷೆ. ಜನರನ್ನು ಹೆದರಿಸಲು ದೃಶ್ಯ ಬೇಕು ಎಂದು ಆ ಕಾಲದ ಅಧಿಕಾರಿಗಳಿಗೂ ಚೆನ್ನಾಗಿ ಗೊತ್ತಿತ್ತು. 190 ವರ್ಷದ ನಂತರ ನ್ಯೂಯಾರ್ಕಿನಲ್ಲಿ ಒಬ್ಬ ಕರಿಯ ತಾಯಿ ತನ್ನ ಮಗನಿಗೆ ಅದೇ ಹೆಸರು ಇಟ್ಟಳು.

ಹಾಡಿನ ಕೊನೆಯ ಭಾಗಕ್ಕೆ ಬಂದರೆ ಅಲ್ಲಿ ವಾಕ್ಯಗಳೇ ಇಲ್ಲ, ಬರೀ ಪಟ್ಟಿ. ಅರೆಸೈನಿಕರು, ಗೆರಿಲ್ಲಾಗಳು, ಕಪ್ಪುಪಟ್ಟಿಗಳು, ಕೊಲೆಯಾದ ಪತ್ರಕರ್ತರು, ಕಾಣೆಯಾದವರು, ಕ್ಷಿಪ್ರಕ್ರಾಂತಿಗಳು, ಕಾಗದಪತ್ರ ಇಲ್ಲದ ವಲಸಿಗರು. ಒಂದೊಂದಕ್ಕೂ ಒಂದೆರಡು ಪದ ಮಾತ್ರ. ಲ್ಯಾಟಿನ್ ಅಮೆರಿಕದಲ್ಲಿ ಬೆಳೆದವರಿಗೆ ಅಷ್ಟು ಸಾಕು. ಹೊರಗಿನವರಿಗೆ ಸಾಲದು. ಉದಾಹರಣೆಗೆ 'ಹನ್ನೊಂದು ದಿನದಲ್ಲಿ ಐವರು ಅಧ್ಯಕ್ಷರು' ಎಂಬ ಸಾಲು ಬರುತ್ತದೆ. ಅದು 2001ರ ಡಿಸೆಂಬರ್‌ನ ಅರ್ಜೆಂಟೀನಾ. ಬ್ಯಾಂಕಿನಲ್ಲಿಟ್ಟ ತಮ್ಮದೇ ದುಡ್ಡು ತೆಗೆಯಲು ಜನರಿಗೆ ಬಿಡಲಿಲ್ಲ. ಬೀದಿಗಿಳಿದವರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಅಧ್ಯಕ್ಷ ದೆ ಲಾ ರೂವಾ ರಾಜೀನಾಮೆ ಕೊಟ್ಟು ಅರಮನೆಯ ಚಾವಣಿಯಿಂದ ಹೆಲಿಕಾಪ್ಟರ್ ಹತ್ತಿ ಹೋದರು. ಉಳಿದವರು ಒಬ್ಬರ ಹಿಂದೊಬ್ಬರು ಬಂದುಹೋದರು.

ಆ ಪಟ್ಟಿಯಲ್ಲಿ ನನ್ನನ್ನು ನಿಲ್ಲಿಸಿದ್ದು 'ಸುಳ್ಳು ಪಾಸಿಟಿವ್‌ಗಳು' ಎಂಬ ಎರಡು ಪದ. ಕೇಳಿದರೆ ಲ್ಯಾಬ್ ರಿಪೋರ್ಟಿನ ಮಾತಿನ ಹಾಗಿದೆ. ಕೊಲಂಬಿಯಾದಲ್ಲಿ ಅದರ ಅರ್ಥ ಬೇರೆ. ಅಲ್ಲಿನ ಸೇನೆ ಎಷ್ಟು ಗೆರಿಲ್ಲಾಗಳನ್ನು ಕೊಂದಿತು ಎಂಬ ಲೆಕ್ಕದ ಮೇಲೆ ಯುದ್ಧ ಗೆಲ್ಲುತ್ತಿದೆಯೇ ಎಂದು ಅಳೆಯುತ್ತಿದ್ದರು. ಲೆಕ್ಕ ತೋರಿಸಿದವರಿಗೆ ರಜೆ, ಪದಕ, ಬಡ್ತಿ. ಗೆರಿಲ್ಲಾಗಳು ಸಿಗದಿದ್ದಾಗ ಬಡ ಹುಡುಗರನ್ನು ಹಿಡಿದರು. ರಾಜಧಾನಿ ಬೊಗೊಟಾ ಪಕ್ಕದ ಸೊಆಚಾ ಎಂಬ ಊರಿನ ಹುಡುಗರಿಗೆ 2008ರಲ್ಲಿ ಕೆಲಸ ಕೊಡಿಸುತ್ತೇವೆ ಎಂದು ಹೇಳಿ ಕರೆದುಕೊಂಡು ಹೋದರು. ಅವರ ಹೆಣಗಳು ಸಿಕ್ಕಿದ್ದು ನೂರಾರು ಕಿಲೋಮೀಟರ್ ದೂರದ ಓಕಾನ್ಯಾದಲ್ಲಿ. ಗೆರಿಲ್ಲಾ ವೇಷ ಹಾಕಿಸಿ, ಪಕ್ಕದಲ್ಲಿ ಬಂದೂಕು ಇಟ್ಟು, ಎನ್‌ಕೌಂಟರಿನಲ್ಲಿ ಸತ್ತವರು ಎಂದು ಲೆಕ್ಕ ಕೊಟ್ಟಿದ್ದರು.

ಅವರಲ್ಲಿ ಒಬ್ಬ 26 ವರ್ಷದವನು. ಬುದ್ಧಿ ಬೆಳೆದದ್ದು ಸಣ್ಣ ಹುಡುಗನಷ್ಟು. ಬಲಗೈ ಸ್ವಾಧೀನ ಇರಲಿಲ್ಲ. ಇವನು ಗೆರಿಲ್ಲಾ ಮುಖಂಡ, ಬಲಗೈಯಲ್ಲಿ ಪಿಸ್ತೂಲು ಹಿಡಿದಿದ್ದ ಎಂದು ಸೇನೆ ಹೇಳಿತು. ನನ್ನ ಮಗ ಆ ಕೈಯಲ್ಲಿ ಪಿಸ್ತೂಲು ಹಿಡಿಯಲು ಹೇಗೆ ಸಾಧ್ಯ ಎಂದು ತಾಯಿ ಕೇಳಿದರು. ಕೇಳುತ್ತಲೇ ಇದ್ದರು. ಸೊಆಚಾದ ಇಂಥ ತಾಯಂದಿರು ಒಟ್ಟಾಗಿ ವರ್ಷಗಟ್ಟಲೆ ಬೀದಿಯಲ್ಲಿ ನಿಂತರು. 2021ರ ಫೆಬ್ರವರಿಯಲ್ಲಿ ಗೆರಿಲ್ಲಾಗಳ ಜೊತೆಗಿನ ಶಾಂತಿ ಒಪ್ಪಂದದಿಂದ ಹುಟ್ಟಿದ ವಿಶೇಷ ನ್ಯಾಯಾಲಯ ಒಂದು ಸಂಖ್ಯೆ ಹೇಳಿತು. 2002ರಿಂದ 2008ರ ನಡುವೆ ಹೀಗೆ ಕೊಂದದ್ದು ಕಡಿಮೆ ಎಂದರೂ 6,402 ಜನರನ್ನು. ಬೊಗೊಟಾದ ಗೋಡೆಗಳ ಮೇಲೆ ಈಗ ಬರೀ ಆ ಸಂಖ್ಯೆ ಬರೆದಿದ್ದರೂ ಜನರಿಗೆ ಅರ್ಥವಾಗುತ್ತದೆ.

'ಕಾಣೆಯಾದವರು' ಎಂಬುದೂ ಒಂದೇ ಪದ. ಈ ಹಾಡು ಬಂದ ಎರಡು ತಿಂಗಳಿಗೆ, 2022ರ ಮೇನಲ್ಲಿ, ಮೆಕ್ಸಿಕೊದ ಸರ್ಕಾರಿ ದಾಖಲೆಯಲ್ಲಿ ಕಾಣೆಯಾದವರ ಸಂಖ್ಯೆ 1 ಲಕ್ಷ ದಾಟಿತು.

ಈ ಪಟ್ಟಿ ಭಾಷಣದ ಹಾಗೆ ಕೇಳಿಸದೆ ಇರಲು ಇಬೆಯಿ ಕಾರಣ. ಲೀಸಾ-ಕೈಂದೆ ಮತ್ತು ನವೋಮಿ ದಿಯಾಸ್, ಕ್ಯೂಬಾದ ಹೆಸರಾಂತ ತಾಳವಾದ್ಯಗಾರ ಆಂಗಾ ದಿಯಾಸ್ ಅವರ ಮಕ್ಕಳು. ಗುಲಾಮರಾಗಿ ಬಂದ ಆಫ್ರಿಕನ್ನರು ಉಳಿಸಿಕೊಂಡ ಯೊರುಬಾ ಭಾಷೆಯ ಪ್ರಾರ್ಥನೆಗಳನ್ನು ಹಾಡಿಕೊಂಡೇ ಬಂದವರು. ರೆಸಿಡೆಂತೆ ಕೂಗುತ್ತಾರೆ, ಇವರು ಗುನುಗುತ್ತಾರೆ. ಹಾಡಿನ ಒಳಗಿನ ಭಯ ಹುಟ್ಟುವುದು ಆ ಗುನುಗುವಿಕೆಯಿಂದ ಎಂದು ನನಗೆ ಅನಿಸುತ್ತದೆ. ಕಣ್ಣು ಮುಚ್ಚಿ ಒಂದು ಸಲ ಕೇಳಿ ನೋಡಿ.

ಕಣ್ಣು ತೆರೆದರೆ ಇನ್ನೊಂದು ತೊಡಕು ಎದುರಾಗುತ್ತದೆ. ವಿಡಿಯೊದಲ್ಲಿ ಮೂಲನಿವಾಸಿ ಮಕ್ಕಳನ್ನು ಅಮೆರಿಕದ ದೊಡ್ಡ ಕಂಪನಿಗಳ ಸರಕಿನ ನಡುವೆ ಕೂರಿಸಿದ್ದಾರೆ. ಅಮೆಜಾನ್ ಕಂಪನಿಯ ರಟ್ಟಿನ ಡಬ್ಬಿಗಳೂ ಇವೆ. ಕಾಡಿನ ಹೆಸರು ಕಂಪನಿಯ ಹೆಸರಾಯಿತು, ಆ ಕಾಡಿನವರ ಮಗು ಡಬ್ಬಿಯ ಜೊತೆ ಕೂತಿದೆ. ಮಾತಿಲ್ಲದೆ ತಟ್ಟುವ ಚಿತ್ರ ಅದು. ಬಾವುಟದಲ್ಲಿ ಬಾಯಿ ಒರೆಸಿಕೊಳ್ಳುವವನೂ ಯಾರು ಎಂದು ಹೇಳಬೇಕಿಲ್ಲ. ಬಾವುಟ ಬ್ರೆಜಿಲ್‌ನದ್ದು, ಆಗ ಅಲ್ಲಿ ಅಧ್ಯಕ್ಷರಾಗಿದ್ದವರು ಬೊಲ್ಸೊನಾರೊ. ಅಮೆಜಾನ್ ಕಾಡು ಕಡಿದು ದನ ಮೇಯಿಸುವ ಹುಲ್ಲುಗಾವಲು ಮಾಡುತ್ತಿರುವುದು ಜಗತ್ತಿಗೇ ಗೊತ್ತಿರುವ ಸಂಗತಿ. ತಟ್ಟೆಯಲ್ಲಿ ಮಾಂಸ ಇಟ್ಟದ್ದು ಅದಕ್ಕೇ.

ಇಂಥ ವಿಡಿಯೊಗೆ 2022ರ ಜೂನ್‌ನಲ್ಲಿ ದೊಡ್ಡ ಬಹುಮಾನ ಬಂತು. ಕ್ಯಾನ್ ಲಯನ್ಸ್‌ನಲ್ಲಿ ಸಂಗೀತ ವಿಭಾಗದ ಗ್ರ್ಯಾಂಡ್ ಪ್ರೀ. ಕ್ಯಾನ್ ಲಯನ್ಸ್ ಎಂದರೆ ಜಾಹೀರಾತು ಉದ್ಯಮದ ಹಬ್ಬ. ಕಂಪನಿಗಳನ್ನು ಕಟಕಟೆಗೆ ಹತ್ತಿಸಿದ ವಿಡಿಯೊಗೆ, ಅವೇ ಕಂಪನಿಗಳಿಗೆ ಜಾಹೀರಾತು ಮಾಡಿಕೊಡುವವರು ಚಪ್ಪಾಳೆ ತಟ್ಟಿದರು.

ಬಹುಮಾನ ತಗೊಂಡದ್ದು ತಪ್ಪು ಎಂದು ನಾನು ಹೇಳುತ್ತಿಲ್ಲ. ನನ್ನ ಚಿಂತೆ ಬೇರೆ. ವಿಡಿಯೊ ನೋಡಲು ಬಹಳ ಸುಂದರವಾಗಿದೆ. ಬೆಳಕು, ಬಣ್ಣ, ಕ್ಯಾಮೆರಾ ಎಲ್ಲ ಪಕ್ಕಾ. ಒಂದೊಂದು ಸಾವಿಗೂ ಮೂರು-ನಾಲ್ಕು ಸೆಕೆಂಡು. ಹಿನ್ನೆಲೆ ಗೊತ್ತಿಲ್ಲದ ನೋಡುಗನ ತಲೆಯಲ್ಲಿ ಉಳಿಯುವುದು ಇಷ್ಟೇ: ಲ್ಯಾಟಿನ್ ಅಮೆರಿಕ ಎಂದರೆ ರಕ್ತ, ಬಂದೂಕು, ಹುಚ್ಚು. ಉತ್ತರದವರು ಮೊದಲಿಂದಲೂ ಅಂದುಕೊಂಡದ್ದೂ ಅದನ್ನೇ ತಾನೇ? ಯಾವ ಕಲ್ಪನೆಯನ್ನು ಒಡೆಯಲು ಹಾಡು ಬರೆದರೋ ಅದೇ ಕಲ್ಪನೆ ಇನ್ನಷ್ಟು ಗಟ್ಟಿಯಾಗುವ ಅಪಾಯ ಇಲ್ಲಿದೆ. ಹಾಡಿನ ಮಾತು ಇದನ್ನು ತಡೆಯುತ್ತದೆ. ಆದರೆ ಮಾತು ಸ್ಪ್ಯಾನಿಷ್‌ನಲ್ಲಿದೆ, ಚಿತ್ರಕ್ಕೆ ಭಾಷೆ ಬೇಕಿಲ್ಲ. ದೂರದ ನೋಡುಗನಿಗೆ ಮೊದಲು ತಲುಪುವುದು ಚಿತ್ರವೇ.

ಇದನ್ನು ಯೋಚಿಸುವಾಗ ನನಗೆ ವೆನೆಜುವೆಲಾದ ಕಾನ್ಸೆರ್ಬೆರೊ ನೆನಪಾಗುತ್ತಾರೆ. ಗ್ರೀಕ್ ಪುರಾಣದಲ್ಲಿ ಪಾತಾಳದ ಬಾಗಿಲು ಕಾಯುವ ನಾಯಿಯ ಹೆಸರನ್ನು ಇಟ್ಟುಕೊಂಡ ರ‍್ಯಾಪರ್. 2012ರಲ್ಲಿ ಬಂದ ಅವರ ಆಲ್ಬಮ್ಮಿನ ಹೆಸರೇ 'ಮುಯೆರ್ತೆ', ಅಂದರೆ ಸಾವು. ಅದರಲ್ಲಿ 'ಎಸ್ ಎಪಿಕೊ' ಎಂಬ ಉದ್ದದ ಹಾಡಿದೆ. ಗೆಳೆಯನ ಕೊಲೆಯಾಗಿದೆ. ಹೇಳುವವನು ಸೇಡು ತೀರಿಸಲು ಹೊರಡುತ್ತಾನೆ. ಕೊಲ್ಲುತ್ತಾನೆ, ತಾನೂ ಸಾಯುತ್ತಾನೆ. ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ನರಕಕ್ಕೆ ಹೋದ ಮೇಲೂ ಅವನ ದನಿ ನಡೆಯುತ್ತಲೇ ಇರುತ್ತದೆ. ಲಯ ಒಂದೇ ಸಮ, ದನಿಯಲ್ಲಿ ಅವಸರ ಇಲ್ಲ. ಕೇಳುವವನ ತಲೆಯೊಳಗೇ ಎಲ್ಲ ನಡೆಯುತ್ತದೆ. ಕೊಲೆ ತೀರಾ ಮಾಮೂಲಿಯಾದ ದೇಶದಲ್ಲಿ ಹುಟ್ಟಿದ ಹಾಡು ಅದು. ಸೇಡಿಗೆ ಸಾವೂ ಕೊನೆಯಲ್ಲ ಎಂಬ ಅದರ ಭಯ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಕಾನ್ಸೆರ್ಬೆರೊ 2015ರ ಜನವರಿ 20ರಂದು ಮರಕಾಯ್ ಎಂಬ ಊರಿನಲ್ಲಿ ಒಂದು ಕಟ್ಟಡದ ಕೆಳಗೆ ಹೆಣವಾಗಿ ಸಿಕ್ಕಿದರು. ವಯಸ್ಸು 26. ಗೆಳೆಯನನ್ನು ಕೊಂದು ತಾವೇ ಹಾರಿಕೊಂಡರು ಎಂದು ಅಧಿಕಾರಿಗಳು ಆಗ ಹೇಳಿದರು. ಅಷ್ಟು ಕತ್ತಲೆಯ ಹಾಡು ಬರೆದವನಲ್ಲವೇ ಎಂದು ಎಷ್ಟೋ ಜನ ನಂಬಿಬಿಟ್ಟರು. 2023ರ ಕೊನೆಯಲ್ಲಿ ಕೇಸು ಮತ್ತೆ ತೆರೆಯಿತು. ಅವರ ಮಾಜಿ ಮ್ಯಾನೇಜರ್ ಇಬ್ಬರನ್ನೂ ಕೊಂದದ್ದಾಗಿ ಒಪ್ಪಿಕೊಂಡರು ಎಂದು ದೇಶದ ಅಟಾರ್ನಿ ಜನರಲ್ ಪ್ರಕಟಿಸಿದರು. ತಪ್ಪೊಪ್ಪಿಗೆಯ ವಿಡಿಯೊವನ್ನೂ ಬಿಟ್ಟರು. ಎಂಟು ವರ್ಷಕ್ಕೂ ಜಾಸ್ತಿ ಕಾಲ ಒಬ್ಬ ಸತ್ತ ಕಲಾವಿದನ ಮೇಲೆ ಕೊಲೆಗಾರ ಎಂಬ ಹೆಸರು ಕೂತಿತ್ತು. ಭಯದ ಹಾಡು ಬರೆದವರಿಗೆ ಇರುವ ಅಪಾಯ ಇದು. ಬರೆದದ್ದನ್ನೇ ಅವರ ಬದುಕು ಎಂದು ಓದಿಬಿಡುತ್ತಾರೆ.

ಮತ್ತೆ ನಮ್ಮ ವಿಡಿಯೊಗೆ, ಹಿಂಸೆ ಅನುಭವಿಸಿ ಸಾಯುವ ಆ ಹಾಡುಗಾರನ ಕಡೆಗೆ ಬರೋಣ. ಗ್ಯಾಂಬಿನೊ ವಿಡಿಯೊದಲ್ಲಿ ಮೊದಲು ಸಾಯುವವನು ಗಿಟಾರ್ ನುಡಿಸುತ್ತಿದ್ದ ಒಬ್ಬ ಮನುಷ್ಯ. ಅವನಿಗೆ ಹೆಸರಿಲ್ಲ. ರೆಸಿಡೆಂತೆಯ ವಿಡಿಯೊದಲ್ಲಿ ಸಾಯುವ ಹಾಡುಗಾರನಿಗೆ ಹೆಸರಿದೆ. ವಿಕ್ಟರ್ ಹಾರಾ.

ಚಿಲಿಯ ಹಳ್ಳಿಯ ಬಡ ಕುಟುಂಬದ ಮಗ, ರಂಗ ನಿರ್ದೇಶಕ, ಹಾಡುಗಾರ. 1973ರ ಸೆಪ್ಟೆಂಬರ್ 11ರಂದು ಸೇನೆ ಸರ್ಕಾರ ಉರುಳಿಸಿದಾಗ ಅವರು ತಾವು ಕೆಲಸ ಮಾಡುತ್ತಿದ್ದ ವಿಶ್ವವಿದ್ಯಾಲಯದಲ್ಲಿದ್ದರು. ಅಲ್ಲಿದ್ದ ಎಲ್ಲರ ಜೊತೆ ಅವರನ್ನೂ ಹಿಡಿದು ಚಿಲಿ ಸ್ಟೇಡಿಯಮ್ಮಿಗೆ ತುಂಬಿದರು. ಅಧಿಕಾರಿಯೊಬ್ಬ ಗುರುತು ಹಿಡಿದ. ಹೊಡೆದರು. ಗಿಟಾರ್ ನುಡಿಸುವ ಕೈಗಳನ್ನು ಜಜ್ಜಿದರು. ಅಂಥ ಸ್ಥಿತಿಯಲ್ಲೂ ಹಾರಾ ಒಂದು ಕವಿತೆ ಬರೆದರು, ಜೊತೆಯ ಕೈದಿಗಳು ಅದನ್ನು ಬಚ್ಚಿಟ್ಟು ಹೊರಗೆ ತಂದರು. ಕೆಲವು ದಿನದ ನಂತರ ಅವರ ಹೆಣ ಸಿಕ್ಕಿತು. ಮೈಯಲ್ಲಿ 40ಕ್ಕೂ ಜಾಸ್ತಿ ಗುಂಡು. ಹೆಂಡತಿ ಜೋನ್ ಹಾರಾ, ಇಂಗ್ಲೆಂಡಿನಿಂದ ಬಂದು ಚಿಲಿಯಲ್ಲಿ ನೆಲೆಸಿದ್ದ ನೃತ್ಯಗಾತಿ, ಶವಾಗಾರದಲ್ಲಿ ಹೆಣಗಳ ಸಾಲಿನ ನಡುವೆ ಗಂಡನನ್ನು ಹುಡುಕಿದರು. ಗುಟ್ಟಾಗಿ ಮಣ್ಣು ಮಾಡಿದರು. ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ದೇಶ ಬಿಟ್ಟರು.

ಆಮೇಲಿನದು ಐವತ್ತು ವರ್ಷದ ಕಾಯುವಿಕೆ. ಜೋನ್ ಚಿಲಿಗೆ ಮರಳಿದರು, ಕೋರ್ಟು ಹತ್ತಿದರು. ಗುಂಡು ಹಾರಿಸಿದ ಆರೋಪ ಹೊತ್ತ ಮಾಜಿ ಸೇನಾಧಿಕಾರಿ ಪೆದ್ರೊ ಬಾರಿಯೆಂತೋಸ್ ಅಷ್ಟರಲ್ಲಿ ಅಮೆರಿಕಕ್ಕೆ ಹೋಗಿ ಫ್ಲಾರಿಡಾದಲ್ಲಿ ನೆಲೆಸಿ ಅಲ್ಲಿನ ಪ್ರಜೆಯಾಗಿದ್ದ. 2016ರಲ್ಲಿ ಫ್ಲಾರಿಡಾದ ಜ್ಯೂರಿ ಹಾರಾ ಸಾವಿಗೆ ಇವನೇ ಹೊಣೆ ಎಂದು 2.8 ಕೋಟಿ ಡಾಲರ್ ಪರಿಹಾರ ಕೊಡಲು ಹೇಳಿತು. 2023ರ ಆಗಸ್ಟ್‌ನಲ್ಲಿ ಚಿಲಿಯ ಸುಪ್ರೀಂ ಕೋರ್ಟ್ ಬೇರೆ ಏಳು ಮಾಜಿ ಸೈನಿಕರ ಶಿಕ್ಷೆಯನ್ನು ಎತ್ತಿಹಿಡಿಯಿತು. ಅವರಲ್ಲಿ ಒಬ್ಬ, 86 ವರ್ಷದವನು, ಪೊಲೀಸರು ಕರೆದೊಯ್ಯಲು ಬಂದಾಗ ತಾನೇ ಪ್ರಾಣ ಕಳೆದುಕೊಂಡ.

ಬಾರಿಯೆಂತೋಸ್‌ನ ಅಮೆರಿಕದ ಪೌರತ್ವವನ್ನು ಕೋರ್ಟು ಕಿತ್ತುಹಾಕಿತು. ಗಡೀಪಾರಾದ ಅವನನ್ನು ಹೊತ್ತ ವಿಮಾನ ಚಿಲಿಯ ರಾಜಧಾನಿ ಸಾಂತಿಯಾಗೊದಲ್ಲಿ ಇಳಿದದ್ದು 2023ರ ಡಿಸೆಂಬರ್ 1ರಂದು. ಜೋನ್ ಹಾರಾ ಅದೇ ಊರಿನಲ್ಲಿ ನವೆಂಬರ್ 12ರಂದು ತೀರಿಕೊಂಡಿದ್ದರು. ಅವರಿಗೆ 96 ವರ್ಷವಾಗಿತ್ತು.